ತಂಪು ಹುಡುಕಿದ ಕಟ್ಟಡಗಳು: ದಖ್ಖನಿನ ಬ್ರೂವರಿ, ಭಟ್ಟಿ, ಗಿರಣಿಗಳ ಬಗ್ಗೆ

ಹೈದರಾಬಾದಿನಲ್ಲಿ ಪರಂಪರೆಯ ಮಾತು ಬಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಚಾರ್‌ಮಿನಾರು, ಗೋಲ್ಕೊಂಡ, ಕುತುಬ್‌ಶಾಹಿ ಗೋರಿಗಳು, ಚೌಮಹಲ್ಲಾ ಅರಮನೆ. ಬೆಂಗಳೂರಿನ ಮಾತಾದರೆ ಟಿಪ್ಪುವಿನ ಬೇಸಿಗೆ ಅರಮನೆ, ಬಸವನಗುಡಿಯ ದೇವಾಲಯ, ಅಠಾರಾ ಕಚೇರಿ. ಅರಸರು ಬಾಳಿದ, ದೇವರು ನೆಲೆಸಿದ, ಅಧಿಕಾರಿಗಳು ಆಳಿದ ಕಟ್ಟಡಗಳಿಗೆ ನಮ್ಮ ನೆನಪಿನಲ್ಲಿ ಸ್ಥಾನವಿದೆ. ಸಾವಿರಾರು ಜನ ಬೆವರು ಸುರಿಸಿದ ಕಾರ್ಖಾನೆಯ ಗೋಡೆಗಳಿಗೆ ಆ ಭಾಗ್ಯ ಒದಗಿದ್ದು ಅಪರೂಪ. ಕಾರ್ಖಾನೆ ಮುಚ್ಚಿದ ದಿನವೇ ಅದರ ಕಟ್ಟಡ ನಮ್ಮ ಪಾಲಿಗೆ ನಿವೇಶನವಾಗಿಬಿಡುತ್ತದೆ.

ಈ ಲೇಖನದಲ್ಲಿ ಕಾರ್ಖಾನೆಗಳ ಸಾಲಿನಲ್ಲೂ ಅತ್ಯಂತ ಅನಾದರಕ್ಕೆ ಗುರಿಯಾದ ಒಂದು ಬಗೆಯನ್ನು ಎತ್ತಿಕೊಂಡಿದ್ದೇವೆ: 19ನೆಯ ಶತಮಾನದ ಬಿಯರ್ ತಯಾರಿಕೆಯ ಕಟ್ಟಡಗಳು, ಅಂದರೆ ಬ್ರೂವರಿಗಳು. ಬೆಂಗಳೂರಿನಲ್ಲಿ ಅವು ಇದ್ದವು. ನಾವು ಬದುಕು ಕಟ್ಟಿಕೊಂಡಿರುವ ಹೈದರಾಬಾದಿನಲ್ಲಿ ಅವುಗಳ ಜಾಗದಲ್ಲಿ ಬೇರೊಂದು ಬಗೆಯ ಕಟ್ಟಡ ಬಂತು. ಈ ವ್ಯತ್ಯಾಸಕ್ಕೆ ಕಾರಣ ಹುಡುಕುತ್ತ ಹೋದರೆ ದಖ್ಖನಿನ ಹವೆ, ದಂಡು, ತೆರಿಗೆ, ರೈಲು ಎಲ್ಲವೂ ಒಂದೇ ಎಳೆಯಲ್ಲಿ ಬಂದು ಸೇರುತ್ತವೆ.

ದಂಡಿನ ದಾಹ

ಭಾರತದಲ್ಲಿ ಬಿಯರಿನ ಕತೆ ಬ್ರಿಟಿಷ್ ದಂಡಿನ ಕತೆಯೂ ಹೌದು. ಸಿಕಂದರ್ ಜಾಹನ ಹೆಸರಿನಿಂದ 1806ರಲ್ಲಿ ಸಿಕಂದರಾಬಾದ್ ಎನಿಸಿಕೊಂಡ ನೆಲೆಯಾಗಲಿ, ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತ ಸೇನೆ 1809ರಲ್ಲಿ ಬೆಂಗಳೂರಿಗೆ ಬಂದು ಕಟ್ಟಿಕೊಂಡ ದಂಡು ಪ್ರದೇಶವಾಗಲಿ, ಎರಡೂ ಸಾವಿರಾರು ಗೋರಾ ಸಿಪಾಯಿಗಳನ್ನು ಅಪರಿಚಿತ ಬಿಸಿಲಿನಲ್ಲಿ ತಂದು ನಿಲ್ಲಿಸಿದ ಊರುಗಳು. ಆ ಸಿಪಾಯಿಗಳಿಗೆ ಅಗ್ಗವಾಗಿ ಸಿಗುತ್ತಿದ್ದುದು ಸಾರಾಯಿ ಮತ್ತು ರಮ್. ಕುಡಿತದಿಂದ ಆಸ್ಪತ್ರೆ ಸೇರುವವರ, ಶಿಸ್ತು ಮೀರುವವರ ಸಂಖ್ಯೆ ಸೇನಾಧಿಕಾರಿಗಳಿಗೆ ದೊಡ್ಡ ತಲೆನೋವಾಗಿತ್ತು. ಸಾರಾಯಿಯ ಬದಲು ಬಿಯರ್ ಕೊಟ್ಟರೆ ಕೇಡು ಕಡಿಮೆ ಎಂಬ ಎಣಿಕೆ ಬೆಳೆದದ್ದು ಹೀಗೆ.

ಆದರೆ ಬಿಯರ್ ಇಂಗ್ಲೆಂಡಿನಿಂದ ಬರಬೇಕಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ತನಕ ಹಡಗುಗಳು ಆಫ್ರಿಕವನ್ನು ಬಳಸಿ ತಿಂಗಳುಗಟ್ಟಲೆ ಸಾಗಿ ಬರುತ್ತಿದ್ದವು. ಪೀಪಾಯಿಗಳು ಸೋರುತ್ತಿದ್ದವು, ಹುಳಿಯುತ್ತಿದ್ದವು, ಬೆಲೆಯೂ ಹೆಚ್ಚುತ್ತಿತ್ತು. 1857ರ ಬಂಡಾಯದ ಬಳಿಕ ಭಾರತದಲ್ಲಿ ಬ್ರಿಟಿಷ್ ಸಿಪಾಯಿಗಳ ಪ್ರಮಾಣವನ್ನು ಹೆಚ್ಚಿಸಿದಾಗ ಇಲ್ಲಿಯೇ ತಯಾರಿಸುವುದು ಅನಿವಾರ್ಯವಾಯಿತು.

ಮೊದಲ ಪ್ರಯತ್ನಗಳು ಹಿಮಾಲಯದ ತಪ್ಪಲಲ್ಲಿ ನಡೆದವು. ಎಡ್ವರ್ಡ್ ಡಯರ್ ಎಂಬಾತ 1855ರಲ್ಲಿ ಕಸೌಲಿಯಲ್ಲಿ ಬ್ರೂವರಿ ಹೂಡಿದ. 1860ರಲ್ಲಿ ಇಂದಿನ ಪಾಕಿಸ್ತಾನದ ಮರ‍್ರಿ ಬೆಟ್ಟದ ಘೋಡಾ ಗಲಿಯಲ್ಲಿ ಇನ್ನೊಂದು ಬಂತು. ಈ ಡಯರನ ಮಗನೇ ಮುಂದೆ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಲು ಆಜ್ಞೆಯಿತ್ತ ರೆಜಿನಾಲ್ಡ್ ಡಯರ್. ಕಸೌಲಿಯ ಕಾರ್ಖಾನೆ ಕೈಯಿಂದ ಕೈಗೆ ದಾಟಿ, ಸ್ವಾತಂತ್ರ್ಯಾನಂತರ ಭಾರತೀಯ ಒಡೆತನಕ್ಕೆ ಬಂದು, ಭಟ್ಟಿಯಾಗಿ ಇಂದಿಗೂ ಬದುಕಿದೆ. ಘೋಡಾ ಗಲಿಯ ಕಟ್ಟಡ 1947ರ ಗಲಭೆಯಲ್ಲಿ ಸುಟ್ಟುಹೋಗಿ, ಅದರ ಕಲ್ಲುಗೋಡೆಗಳು ಮಾತ್ರ ಕಾಡಿನ ನಡುವೆ ಉಳಿದವು.

ಕಟ್ಟಡವೇ ಯಂತ್ರ

ಬೆಟ್ಟವೇ ಏಕೆ? ಉತ್ತರ ಕಟ್ಟಡದ ಒಳಗಿದೆ. ಬಿಯರ್ ತಯಾರಿಕೆಯ ಮೊದಲ ಹೆಜ್ಜೆ ನಮ್ಮ ಮನೆಗಳಿಗೆ ಹೊಸದಲ್ಲ. ಕೂಸಿಗೆ ರಾಗಿ ಸರಿ ಮಾಡುವ ಅಜ್ಜಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುತ್ತಾಳೆ. ಮೊಳಕೆಯೊಡೆದಾಗ ಕಾಳಿನ ಪಿಷ್ಟ ಸಿಹಿಯತ್ತ ತಿರುಗುತ್ತದೆ. ಬ್ರೂವರಿಯಲ್ಲಿ ಇದೇ ಕೆಲಸ ಬಾರ್ಲಿಯ ಮೇಲೆ, ಟನ್ನುಗಟ್ಟಲೆ ಪ್ರಮಾಣದಲ್ಲಿ ನಡೆಯುತ್ತದೆ. ಅದಕ್ಕಾಗಿ ಉದ್ದನೆಯ, ತಗ್ಗು ಚಾವಣಿಯ, ಸಣ್ಣ ಕಿಟಕಿಗಳ ಮಾಲ್ಟ್ ಮನೆ ಬೇಕು. ನೆನೆಸಿದ ಕಾಳನ್ನು ನೆಲದ ಮೇಲೆ ಹರವಿ, ಮರದ ಸಲಿಕೆಗಳಿಂದ ಹಗಲಿರುಳು ತಿರುವಿಹಾಕುತ್ತಿದ್ದರು. ಮೊಳಕೆ ಹದಕ್ಕೆ ಬಂದಾಗ ಅದನ್ನು ಒಣಗಿಸುವ ಗೂಡಿಗೆ ಸಾಗಿಸಬೇಕು. ತೂತುಗಳ ನೆಲ, ಕೆಳಗೆ ಬೆಂಕಿ, ಮೇಲೆ ಗೋಪುರದಂತೆ ಚೂಪಾದ ಮಾಡು, ಅದರ ತುದಿಯಲ್ಲಿ ಹಬೆ ಹೊರಹೋಗಲು ಬಾಯಿ. ದೂರದಿಂದಲೇ ಬ್ರೂವರಿಯನ್ನು ಗುರುತಿಸುವಂತೆ ಮಾಡುತ್ತಿದ್ದುದು ಈ ಚೂಪು ಮಾಡು ಮತ್ತು ಪಕ್ಕದ ಉಗಿಯಂತ್ರದ ಚಿಮಣಿ.

ಮುಂದಿನ ಕೆಲಸವನ್ನು ನಡೆಸುತ್ತಿದ್ದುದು ಗುರುತ್ವ. ವಿದ್ಯುತ್ ಪಂಪುಗಳಿಲ್ಲದ ಕಾಲದಲ್ಲಿ ಬ್ರೂವರಿಯ ಮುಖ್ಯ ಕಟ್ಟಡವನ್ನು ಗೋಪುರದಂತೆ ಎತ್ತರಿಸುತ್ತಿದ್ದರು. ನೀರಿನ ತೊಟ್ಟಿ ಮತ್ತು ಧಾನ್ಯ ಎಲ್ಲಕ್ಕಿಂತ ಮೇಲೆ. ಅಲ್ಲಿಂದ ಧಾನ್ಯ ಬೀಸುವ ಅಂತಸ್ತಿಗೆ, ಬಿಸಿನೀರಿನಲ್ಲಿ ಕಲಸುವ ಅಂತಸ್ತಿಗೆ, ಹಾಪ್ ಹೂವಿನೊಡನೆ ಕುದಿಸುವ ತಾಮ್ರದ ಹಂಡೆಗೆ, ಕೊನೆಗೆ ಹುದುಗುವ ಕೊಳಗಗಳಿಗೆ, ಎಲ್ಲವೂ ಮೇಲಿನಿಂದ ಕೆಳಗೆ ತನ್ನಷ್ಟಕ್ಕೆ ಇಳಿಯುತ್ತಿತ್ತು. ನೆಲದಡಿಯ ಕಲ್ಲಿನ ನೆಲಮಾಳಿಗೆಯಲ್ಲಿ ಪೀಪಾಯಿಗಳು. ಗೋಡೆ, ಅಂತಸ್ತು, ಕಿಟಕಿ ಎಲ್ಲವೂ ಕೆಲಸದ ಭಾಗ. ಯಂತ್ರಗಳನ್ನು ಕಿತ್ತೊಯ್ದ ಮೇಲೂ ಗೋಡೆಗಳನ್ನು ನೋಡಿ ಇಲ್ಲಿ ಏನು ನಡೆಯುತ್ತಿತ್ತು ಎಂದು ಓದಬಹುದಾದಂಥ ಕಟ್ಟಡ ಇದು.

ಈ ಸರಣಿಯಲ್ಲಿ ಒಂದು ಕಂಟಕವಿತ್ತು. ಕುದಿದ ರಸವನ್ನು ಬೇಗನೆ ತಣ್ಣಗಾಗಿಸಬೇಕು. ಹುದುಗುವಾಗಲೂ ಅದು ಸುಮಾರು 15ರಿಂದ 20 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೋಡಿಕೊಳ್ಳಬೇಕು. ಮೀರಿದರೆ ರಸ ಹುಳಿಯುತ್ತದೆ. ಮೇಲಂತಸ್ತಿನಲ್ಲಿ ಗಾಳಿಯಾಡುವ ಪಟ್ಟಿಕಿಟಕಿಗಳ ನಡುವೆ ಅಗಲವಾದ, ಆಳವಿಲ್ಲದ ಲೋಹದ ತಟ್ಟೆಗಳಲ್ಲಿ ರಸವನ್ನು ಹರಡಿ ತಣಿಸುತ್ತಿದ್ದರು. ಹೊರಗಿನ ಗಾಳಿಯೇ ಬಿಸಿಯಾಗಿದ್ದರೆ ಆ ಕಿಟಕಿಗಳಿಂದ ಏನು ಪ್ರಯೋಜನ? ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಶೈತ್ಯಯಂತ್ರವನ್ನು ರೂಪಿಸಿದ್ದು 1870ರ ದಶಕದಲ್ಲಿ, ಅದೂ ಬ್ರೂವರಿಗಳ ಬೇಡಿಕೆಗಾಗಿ. ಅದು ಇಲ್ಲಿಗೆ ತಲುಪಿ ಅಗ್ಗವಾಗುವ ತನಕ ತಂಪು ಇರುವಲ್ಲಿಗೆ ಕಟ್ಟಡವೇ ಹೋಗಬೇಕಿತ್ತು.

ಬೆಂಗಳೂರು: ತಂಪಿನ ವರ

ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದ ಬೆಂಗಳೂರು ಬೆಟ್ಟವಲ್ಲದಿದ್ದರೂ ಬಯಲಿನ ಊರುಗಳಿಗಿಂತ ತಂಪು. ದೊಡ್ಡ ದಂಡು ಅಲ್ಲೇ ಇತ್ತು. 1864ರಲ್ಲಿ ಜೋಲಾರಪೇಟೆಯ ಮೂಲಕ ಮದರಾಸಿಗೆ ರೈಲು ಕೂಡಿಕೊಂಡಿತು. ಹವೆ, ಗಿರಾಕಿ, ಸಾಗಾಟ ಮೂರೂ ಒಂದೆಡೆ ಸೇರಿದವು. ನೀಲಗಿರಿ ಮತ್ತು ಬೆಂಗಳೂರಿನ ಸುತ್ತ ಬ್ರೂವರಿಗಳು ತಲೆಯೆತ್ತಿದವು. ಕ್ಯಾಸಲ್ ಬ್ರೂವರಿಯ ಹುಟ್ಟು 1857, ಬೆಂಗಳೂರು ಬ್ರೂಯಿಂಗ್ ಕಂಪನಿಯದು 1885 ಎಂದು ಯುನೈಟೆಡ್ ಬ್ರೂವರೀಸ್ ಸಂಸ್ಥೆಯ ಇತಿಹಾಸ ಹೇಳುತ್ತದೆ. ದೊಡ್ಡ ಪೀಪಾಯಿಗಳನ್ನು ಎತ್ತಿನ ಗಾಡಿಗಳಲ್ಲಿ ಹೇರಿ ಪಲ್ಟನ್ನುಗಳಿಗೆ ಒಯ್ಯುತ್ತಿದ್ದ ಕಾಲವದು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವ ದಕ್ಷಿಣದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. ದಂಡು ಹೊರಡುವ ಹೊತ್ತಿಗೆ, 1947–48ರಲ್ಲಿ, ಅದರ ಚುಕ್ಕಾಣಿ ಬಂಟ್ವಾಳ ಮೂಲದ ವಿಠ್ಠಲ ಮಲ್ಯರ ಕೈಗೆ ಬಂತು. ಪರದೇಶಿ ಸಿಪಾಯಿಗಾಗಿ ಹುಟ್ಟಿದ ಉದ್ಯಮ ಸ್ವದೇಶಿ ಕೈಗಳಲ್ಲಿ ಬೆಳೆಯಿತು.

ಗ್ರಾಂಟ್ ರಸ್ತೆಯಲ್ಲಿದ್ದ ಹಳೆಯ ಬ್ರೂವರಿಯ ನೆಲದಲ್ಲಿ ಇಂದು ಯುಬಿ ಸಿಟಿ ಎಂಬ ಗಾಜು ಮತ್ತು ಗ್ರಾನೈಟಿನ ಸಮುಚ್ಚಯವಿದೆ. ರಸ್ತೆಗೆ ವಿಠ್ಠಲ ಮಲ್ಯರ ಹೆಸರಿಟ್ಟಿದ್ದಾರೆ. ಕಂಪನಿಯ ಹೆಸರು ಉಳಿಯಿತು, ಒಡೆಯನ ಹೆಸರೂ ಉಳಿಯಿತು. ಬಾರ್ಲಿ ತಿರುವಿದವರ ಅಂಗಳ ಉಳಿಯಲಿಲ್ಲ. ಬಿನ್ನಿ ಮಿಲ್ಲು, ರಾಜಾ ಮಿಲ್ಲು, ಮಿನರ್ವ ಮಿಲ್ಲುಗಳ ನೆಲಕ್ಕೂ ಇದೇ ಗತಿ. ಬೆಂಗಳೂರಿನ ಮಾಲುಗಳ, ಬಹುಮಹಡಿ ವಸತಿಗಳ ನಕ್ಷೆಯ ಮೇಲೆ ಹಳೆಯ ಕಾರ್ಖಾನೆಗಳ ನಕ್ಷೆಯನ್ನಿಟ್ಟರೆ ಎರಡೂ ಅನೇಕ ಕಡೆ ಕೂಡಿಬರುತ್ತವೆ. ಇದರಲ್ಲಿ ಅಚ್ಚರಿಯಿಲ್ಲ. ಊರಿನ ಅಂಚಿನಲ್ಲಿ ಕಟ್ಟಿದ ಕಾರ್ಖಾನೆ ಊರು ಬೆಳೆದಂತೆ ನಡುಮಧ್ಯಕ್ಕೆ ಬರುತ್ತದೆ. ಅದರ ಉತ್ಪಾದನೆಗಿಂತ ನೆಲದ ಬೆಲೆ ಹೆಚ್ಚಾದ ದಿನ ಅದರ ಆಯುಸ್ಸು ಮುಗಿಯುತ್ತದೆ.

ಹೈದರಾಬಾದು: ಬೆಂಕಿ, ನೀರು, ತೆರಿಗೆ

ಹೈದರಾಬಾದು ಸುಮಾರು 540 ಮೀಟರು ಎತ್ತರದಲ್ಲಿದೆ. ಇಲ್ಲಿನ ಏಪ್ರಿಲ್, ಮೇ ತಿಂಗಳುಗಳನ್ನು ಬಲ್ಲ ನಮಗೆ ಪಟ್ಟಿಕಿಟಕಿಯ ಗಾಳಿ ರಸವನ್ನು ತಣಿಸಲಾರದೆಂದು ಬಿಡಿಸಿ ಹೇಳಬೇಕಿಲ್ಲ. ಈ ನೆಲದ ಪಾನೀಯಗಳೇ ಬೇರೆ. ಈಚಲು ಮತ್ತು ತಾಳೆ ಮರಗಳಿಂದ ಇಳಿಸುವ ಸೇಂದಿ ಒಂದು. ಹಿಪ್ಪೆ ಹೂವಿನಿಂದ ಬಟ್ಟಿ ಇಳಿಸುವ ಸಾರಾಯಿ ಇನ್ನೊಂದು. ಸೇಂದಿಗೆ ಕಟ್ಟಡವೇ ಬೇಡ, ಮರವೇ ಅದರ ಕಾರ್ಖಾನೆ. ಸಾರಾಯಿಗೆ ಬೇಕಾದದ್ದು ಬೆಂಕಿ ಮತ್ತು ನೀರು. ಬಿಸಿಲು ಅದಕ್ಕೆ ಶತ್ರುವಲ್ಲ.

ಹಾಗಾಗಿ ನಿಜಾಮರ ರಾಜಧಾನಿಗೆ ಬ್ರೂವರಿಯ ಗೋಪುರದ ಬದಲು ಸರ್ಕಾರಿ ಭಟ್ಟಿಯ ಆವರಣ ಬಂತು. ನಾರಾಯಣಗೂಡದ ಡಿಸ್ಟಿಲರಿ ಈ ಊರಿನ ಹಳೆಯ ತಲೆಮಾರಿಗೆ ಪರಿಚಿತ ಹೆಸರು. ಕಾಚಿಗೂಡದ ಕನ್ನಡ ಸಭೆಗಳಿಗೆ ಹೋಗಿಬರುವ ನಮ್ಮಲ್ಲಿ ಅನೇಕರು ಆ ದಾರಿಯನ್ನು ತುಳಿದವರೇ. ಇಂಥ ಭಟ್ಟಿಗಳ ಹಿಂದಿನ ತತ್ವ ಸರಳ. ಹಳ್ಳಿಹಳ್ಳಿಗಳಲ್ಲಿ ಹರಡಿಕೊಂಡ ಒಲೆಗಳನ್ನು ಒಂದೇ ಎತ್ತರದ ಗೋಡೆಯೊಳಗೆ ತಂದರೆ ಎಷ್ಟು ಹೂ ಒಳಗೆ ಹೋಯಿತು, ಎಷ್ಟು ಸಾರಾಯಿ ಹೊರಗೆ ಬಂತು ಎಂದು ಅಳೆಯಬಹುದು, ತೆರಿಗೆ ಹಾಕಬಹುದು. ಬ್ರೂವರಿಯ ರೂಪವನ್ನು ನಿರ್ಧರಿಸಿದ್ದು ತಂಪು. ಭಟ್ಟಿಯ ರೂಪವನ್ನು ನಿರ್ಧರಿಸಿದ್ದು ತೆರಿಗೆ. ಒಂದರ ಮುಖ್ಯ ಅಂಗ ಗಾಳಿಯ ಕಿಟಕಿ, ಇನ್ನೊಂದರದು ಕಾವಲಿನ ದ್ವಾರ.

ಆ ದ್ವಾರದಿಂದ ಹೊರಟ ಪದವೊಂದು ನಮ್ಮ ಭಾಷೆಯಲ್ಲಿ ನೆಲೆಯಾಗಿದೆ. ಫಾರಸಿಯಲ್ಲಿ ‘ಆಬ್’ ಎಂದರೆ ನೀರು, ‘ಕಾರ್’ ಎಂದರೆ ಕೆಲಸ. ಎರಡೂ ಸೇರಿದ ಪದ ಕನ್ನಡದಲ್ಲಿ ‘ಅಬಕಾರಿ’ ಆಯಿತು. ಕರ್ನಾಟಕ ಸರ್ಕಾರದ ಇಲಾಖೆಗೆ ಇಂದಿಗೂ ಅದೇ ಹೆಸರು. ಕಾರ್ಖಾನೆ ಎಂಬ ಪದವೂ ಅದೇ ದಾರಿಯಲ್ಲಿ ಬಂದದ್ದು. ಹರಾಜಿನಲ್ಲಿ ಗುತ್ತಿಗೆ ಹಿಡಿದವ ‘ಗುತ್ತೇದಾರ’ನಾಗಿ, ಆ ಪದ ಕಲಬುರಗಿ, ಬೀದರ ಸೀಮೆಯ ಅಡ್ಡಹೆಸರಾಗಿಯೂ ಉಳಿದಿದೆ. ಗೋಡೆ ಬಿದ್ದ ಮೇಲೂ ಪದಗಳು ನಿಂತಿರುತ್ತವೆ.

ಹೈದರಾಬಾದಿನ ಇತರ ಕಾರ್ಖಾನೆಗಳ ಕತೆಯೂ ಹೀಗೆ ಹೆಸರಿನಲ್ಲಿ ಬದುಕಿದೆ. ಫ್ರೆಂಚ್ ಸೇನಾನಿ ರೇಮಂಡ್ 18ನೆಯ ಶತಮಾನದ ಕೊನೆಗೆ ತೋಪು ಎರಕ ಹೊಯ್ಯಿಸಿದ ಕುಲುಮೆ ‘ಗನ್‌ಫೌಂಡ್ರಿ’ ಎಂಬ ಬಡಾವಣೆಯಾಗಿದೆ; ಅಲ್ಲಿನ ಬ್ಯಾಂಕಿಗೆ ಹೋಗುವವರಲ್ಲಿ ಪಕ್ಕದ ಅಳಿದುಳಿದ ಗೋಡೆಗಳ ಕಡೆ ತಿರುಗಿ ನೋಡುವವರು ಕಡಿಮೆ. 1920ರಲ್ಲಿ ಶುರುವಾಗಿ ಈ ಊರಿಗೆ ಬೆಳಕು ಕೊಟ್ಟ ಹುಸೇನ್ ಸಾಗರದ ಉಷ್ಣ ವಿದ್ಯುತ್ ಸ್ಥಾವರವನ್ನು 1990ರ ದಶಕದಲ್ಲಿ ಕೆಡವಿದರು. ಸಾಗರದ ದಡದಲ್ಲಿ ಸಂಜೆ ಗಾಳಿಗೆ ಬರುವ ಹೊಸಬರಿಗೆ ಅಲ್ಲೊಂದು ಚಿಮಣಿಯಿತ್ತು ಎಂದರೆ ನಂಬಿಕೆ ಹುಟ್ಟುವುದಿಲ್ಲ.

ಕಲಬುರಗಿಯ ಗಿರಣಿ

ಹೈದರಾಬಾದಿನ ಕನ್ನಡಿಗರಾದ ನಮಗೆ ಇನ್ನಷ್ಟು ಹತ್ತಿರದ ಉದಾಹರಣೆ ಕಲಬುರಗಿಯಲ್ಲಿದೆ. 1870ರ ದಶಕದ ಆರಂಭದಲ್ಲಿ ಮುಂಬಯಿಯ ರೈಲು ಕಲಬುರಗಿಯನ್ನು ಹಾದು ರಾಯಚೂರಿಗೆ ಹೋಯಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ತೆರೆಯಿತು. ಹತ್ತಿ ಬೆಳೆಯುವ ಕಪ್ಪು ನೆಲ, ಪಕ್ಕದಲ್ಲೇ ರೈಲು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರಿನಲ್ಲಿ, 1880ರ ದಶಕದಲ್ಲಿ, ಮಹಬೂಬ್ ಶಾಹಿ ಕಲಬುರಗಿ ಗಿರಣಿ ಹುಟ್ಟಿಕೊಂಡಿತು. ಜನರ ಬಾಯಲ್ಲಿ ಅದು ಎಂ.ಎಸ್.ಕೆ. ಮಿಲ್.

ಬೆಂಗಳೂರಿನ ಬ್ರೂವರಿ ದಂಡಿನ ಕೂಸಾದರೆ ಈ ಗಿರಣಿ ಆ ಸೀಮೆಯ ಕೂಸು. ಕನ್ನಡ, ಉರ್ದು, ಮರಾಠಿ, ತೆಲುಗು ಆಡುವವರೆಲ್ಲ ಒಂದೇ ಭೋಂಗಾದ ಕೂಗಿಗೆ ಎದ್ದು ಪಾಳಿಗೆ ಹೋಗುವ ಬದುಕು ಅಂಥ ಗಿರಣಿಗಳದು. ಗಡಿಯಾರವಿಲ್ಲದ ಮನೆಗಳಿಗೆ ಭೋಂಗಾವೇ ಗಡಿಯಾರ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು. ಗಿರಣಿ ಅಲ್ಲೇ ಇತ್ತು. 1974ರ ಕಾಯ್ದೆಯಡಿ ನಷ್ಟದ ಜವಳಿ ಗಿರಣಿಗಳನ್ನು ರಾಷ್ಟ್ರೀಕರಿಸಿದಾಗ ಪಟ್ಟಿಯಲ್ಲಿ ಇದೂ ಸೇರಿತ್ತು. ಶತಮಾನ ಮುಗಿಯುವಷ್ಟರಲ್ಲಿ ಮಗ್ಗಗಳ ಸದ್ದು ನಿಂತಿತು. ಈಗ ಎಂ.ಎಸ್.ಕೆ. ಮಿಲ್ ಎಂದರೆ ಆಟೋದವನಿಗೆ ಹೇಳುವ ಒಂದು ವಿಳಾಸ.

ಹೈದರಾಬಾದ್ ಕರ್ನಾಟಕದ ಚರಿತ್ರೆಯನ್ನು ನಾವು ವಿಮೋಚನೆ, ಏಕೀಕರಣ, ಸಾಹಿತ್ಯ ಸಮ್ಮೇಳನಗಳ ಮೂಲಕ ಹೇಳುತ್ತೇವೆ. ಅವೆಲ್ಲ ಹೇಳಲೇಬೇಕಾದ ಸಂಗತಿಗಳು. ಆದರೆ ಆ ಸೀಮೆಯ ರೈತನ ಮಗ ಮೊದಲ ಬಾರಿಗೆ ತಿಂಗಳ ಸಂಬಳ ಎಣಿಸಿದ್ದು, ಬೇರೆ ಜಾತಿಯವನ ಪಕ್ಕದಲ್ಲಿ ನಿಂತು ಒಂದೇ ಯಂತ್ರ ನಡೆಸಿದ್ದು, ಸಂಘ ಕಟ್ಟುವುದನ್ನು ಕಲಿತದ್ದು ಇಂಥ ಗಿರಣಿಗಳ ಅಂಗಳದಲ್ಲಿ. ಆ ಅಂಗಳ ಇಲ್ಲವಾದರೆ ಚರಿತ್ರೆಯ ಆ ಪುಟಕ್ಕೆ ನಿಲ್ಲಲು ನೆಲವಿರುವುದಿಲ್ಲ.

ಕುಡಿತದ ಕಟ್ಟಡ ಏಕೆ ಉಳಿಯಬೇಕು?

ಗಿರಣಿಯನ್ನು ಉಳಿಸಿ ಎಂದರೆ ಒಪ್ಪುವವರೂ ಭಟ್ಟಿಯನ್ನು, ಬ್ರೂವರಿಯನ್ನು ಉಳಿಸಿ ಎಂದರೆ ಹುಬ್ಬು ಗಂಟಿಕ್ಕಬಹುದು. ಆ ಅಸಮಾಧಾನಕ್ಕೆ ಅರ್ಥವಿದೆ. ಸಾರಾಯಿ ಎಷ್ಟು ಮನೆಗಳನ್ನು ತೊಳೆದುಹಾಕಿತು ಎಂಬುದನ್ನು ಈ ಎರಡು ರಾಜ್ಯಗಳ ಹೆಣ್ಣುಮಕ್ಕಳು ಬಲ್ಲರು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಿಂದ ಹಬ್ಬಿದ ಮಹಿಳೆಯರ ಸಾರಾಯಿ ವಿರೋಧಿ ಹೋರಾಟ ಆಂಧ್ರದ ರಾಜಕೀಯವನ್ನೇ ಅಲುಗಾಡಿಸಿ, 1995ರಲ್ಲಿ ಪಾನನಿಷೇಧ ತಂದಿತು. ಅದು ಎರಡೇ ವರ್ಷಗಳಲ್ಲಿ ಸಡಿಲವಾಯಿತು. ಕರ್ನಾಟಕ 2007ರಲ್ಲಿ ಸಾರಾಯಿಯನ್ನು ನಿಷೇಧಿಸಿತು. ಸಂವಿಧಾನದ 47ನೆಯ ವಿಧಿ ಪಾನನಿಷೇಧವನ್ನು ರಾಜ್ಯದ ಗುರಿಗಳಲ್ಲಿ ಒಂದೆನ್ನುತ್ತದೆ. ಇಷ್ಟೆಲ್ಲ ಇರುವಾಗ ಮದ್ಯದ ಕಾರ್ಖಾನೆಗೆ ಗೌರವವೇ?

ಕಟ್ಟಡವನ್ನು ಉಳಿಸುವುದು ಅದರೊಳಗೆ ನಡೆದದ್ದನ್ನು ಮೆಚ್ಚಿದಂತಲ್ಲ ಎಂಬುದು ನಮ್ಮ ನಿಲುವು. ಸೆರೆಮನೆಗಳನ್ನು ನಾವು ಉಳಿಸಿಕೊಂಡಿದ್ದೇವೆ, ಅಂಡಮಾನಿನದು ಕಣ್ಣೆದುರಿಗಿದೆ. ಪ್ರಜೆಯ ದಾಹವನ್ನು ಬೊಕ್ಕಸದ ಆದಾಯವಾಗಿ ಮಾರ್ಪಡಿಸಿದ ವ್ಯವಸ್ಥೆ ಹೇಗೆ ಕೆಲಸ ಮಾಡಿತು ಎಂಬುದಕ್ಕೆ ಭಟ್ಟಿಯ ಎತ್ತರದ ಗೋಡೆ ಮತ್ತು ಒಂದೇ ದ್ವಾರಕ್ಕಿಂತ ಸ್ಪಷ್ಟವಾದ ಪಾಠವಿಲ್ಲ. ಸಾರಾಯಿಯ ವಿರುದ್ಧ ಬೀದಿಗಿಳಿದ ಹೆಣ್ಣುಮಕ್ಕಳ ಕತೆಯನ್ನು ಹೇಳಲು ಅಂಥ ಗೋಡೆಗಿಂತ ಯೋಗ್ಯವಾದ ಜಾಗ ಯಾವುದಿದೆ? ಕೆಡವಿದ ಮೇಲೆ ಹೊಗಳಿಕೆಯೂ ಇಲ್ಲ, ವಿಚಾರಣೆಯೂ ಇಲ್ಲ. ಸಾಕ್ಷಿಯನ್ನೇ ಕಳೆದುಕೊಂಡಂತೆ.

ಕೈಗಾರಿಕಾ ಪರಂಪರೆಯನ್ನು ಕುರಿತು 2003ರಲ್ಲಿ ರಷ್ಯಾದ ನಿಜ್ನಿ ತಗಿಲ್ ಎಂಬ ಊರಿನಲ್ಲಿ ಅಂತರರಾಷ್ಟ್ರೀಯ ಸನ್ನದೊಂದು ರೂಪುಗೊಂಡಿತು. ಕಾರ್ಖಾನೆ, ಗಣಿ, ಗೋದಾಮುಗಳಷ್ಟೇ ಅಲ್ಲ, ಕಾರ್ಮಿಕರ ಮನೆ, ಶಾಲೆ, ಪ್ರಾರ್ಥನಾ ಸ್ಥಳಗಳೂ ಆ ಪರಂಪರೆಯ ಭಾಗವೆಂದು ಅದು ಪರಿಗಣಿಸುತ್ತದೆ. ಹೊಸ ಬಳಕೆ ಕೊಟ್ಟು ಉಳಿಸುವುದನ್ನೂ ಅದು ಒಪ್ಪುತ್ತದೆ. ಬರ್ಲಿನ್ನಿನಲ್ಲಿ 1967ರಲ್ಲಿ ಮುಚ್ಚಿದ ಶುಲ್ಟ್‌ಹೈಸ್ ಬ್ರೂವರಿಯ ಹಳದಿ, ಕೆಂಪು ಇಟ್ಟಿಗೆಯ ಅಂಗಳಗಳು ಇಂದು ರಂಗಮಂದಿರ, ಸಂಗೀತ, ವಸ್ತುಸಂಗ್ರಹಾಲಯಗಳ ‘ಕುಲ್ಟೂರ್‌ಬ್ರೌವರೈ’ ಆಗಿವೆ. ಜಪಾನಿನ ಸಪ್ಪೊರೊದಲ್ಲಿ 1890ರಲ್ಲಿ ಸಕ್ಕರೆ ಕಾರ್ಖಾನೆಯಾಗಿ ಕಟ್ಟಿದ ಕಟ್ಟಡ ಮುಂದೆ ಮಾಲ್ಟ್ ಮನೆಯಾಗಿ, ಕೊನೆಗೆ ಬಿಯರ್ ವಸ್ತುಸಂಗ್ರಹಾಲಯವಾಯಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಚೆನ್ನೈಯ ಮರೀನಾ ತೀರದಲ್ಲಿ 1842ರಲ್ಲಿ ಅಮೆರಿಕದ ಫ್ರೆಡರಿಕ್ ಟ್ಯೂಡರನ ಮಂಜುಗಡ್ಡೆಯನ್ನು ಕೂಡಿಡಲು ಕಟ್ಟಿದ ದುಂಡು ಗೋಡೆಯ ಐಸ್ ಹೌಸ್ ಇದೆ. ಅದೂ ತಂಪಿಗಾಗಿಯೇ ಹುಟ್ಟಿದ ಕಟ್ಟಡ. ಮಂಜುಗಡ್ಡೆಯ ವ್ಯಾಪಾರ ನಿಂತ ಮೇಲೆ ಅದು ಮನೆಯಾಯಿತು. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದರು. ಈಗ ಅದು ಅವರ ಸ್ಮಾರಕ. ನಮ್ಮ ಹೈದರಾಬಾದಿನಲ್ಲೇ 1903ರಲ್ಲಿ ಶುರುವಾದ ಸೈಫಾಬಾದಿನ ಟಂಕಸಾಲೆ ನಾಣ್ಯ ಹೊಡೆಯುವುದನ್ನು ನಿಲ್ಲಿಸಿದ ಬಳಿಕ, 2022ರಲ್ಲಿ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಯಂತ್ರ ನಿಂತ ಕಟ್ಟಡಕ್ಕೆ ಎರಡನೆಯ ಜೀವ ಕೊಡುವುದು ನಮಗೂ ಸಾಧ್ಯ ಎಂಬುದಕ್ಕೆ ಇವು ನಿದರ್ಶನ.

ನಮ್ಮ ಪಾಲಿನ ಕೆಲಸ

ಕಾನೂನಿನ ಬಲ ಮಾತ್ರ ಸಡಿಲವಾಗಿದೆ. ಹೈದರಾಬಾದಿನ ಪಾರಂಪರಿಕ ಕಟ್ಟಡಗಳಿಗೆ ನಗರ ಯೋಜನಾ ನಿಯಮಗಳಲ್ಲಿದ್ದ ರಕ್ಷಣೆಯನ್ನು 2015ರಲ್ಲಿ ತೆಗೆದುಹಾಕಲಾಯಿತು. 2017ರಲ್ಲಿ ತೆಲಂಗಾಣ ಹೊಸ ಪರಂಪರೆ ಕಾಯ್ದೆ ತಂದಿತು. 2019ರಲ್ಲಿ ಇರ‍್ರಂ ಮಂಜಿಲ್ ಅರಮನೆಯನ್ನು ಕೆಡವುವ ತೀರ್ಮಾನವನ್ನು ಹೈಕೋರ್ಟ್ ತಡೆದದ್ದು ನಾಗರಿಕರು ಕೂಗೆತ್ತಿದ್ದರಿಂದ. ಅರಮನೆಗೆ ಕೂಗೆತ್ತುವವರು ಸಿಕ್ಕರು. ಗಿರಣಿಗೂ ಭಟ್ಟಿಗೂ ಆ ಧ್ವನಿ ಇನ್ನೂ ಹುಟ್ಟಬೇಕಾಗಿದೆ.

ನಾವು ಇಲ್ಲಿ ಸಂಖ್ಯೆಯಲ್ಲಿ ಕಡಿಮೆ. ಕಟ್ಟಡ ಉಳಿಸುವ ಅಧಿಕಾರ ನಮ್ಮ ಕೈಯಲ್ಲಿಲ್ಲ. ಆದರೆ ನೆನಪುಗಳನ್ನು ದಾಖಲಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಬಳಗದಲ್ಲಿ ಕಲಬುರಗಿ, ರಾಯಚೂರು, ಬೀದರಗಳಿಂದ ಬಂದ ಹಿರಿಯರಿದ್ದಾರೆ. ಗಿರಣಿಯ ಪಾಳಿ, ಭೋಂಗಾ, ಸಂಬಳದ ದಿನದ ಸಂತೆ, ಮುಷ್ಕರದ ದಿನಗಳ ಸಾಲ ಇವೆಲ್ಲ ಅವರ ಮಾತಿನಲ್ಲಿ ಇನ್ನೂ ಜೀವಂತ. ಹಳೆಯ ಸಂಬಳ ಚೀಟಿ, ಸಂಘದ ರಸೀದಿ, ಯಂತ್ರದ ಮುಂದೆ ನಿಂತು ತೆಗೆಸಿಕೊಂಡ ಚಿತ್ರ ಎಷ್ಟೋ ಮನೆಗಳ ಟ್ರಂಕಿನಲ್ಲಿ ಇರಲು ಸಾಕು. ಅವರು ಯಂತ್ರದ ಭಾಗಗಳಿಗೆ, ಕೆಲಸದ ಹಂತಗಳಿಗೆ ಬಳಸುತ್ತಿದ್ದ ಪದಗಳು ಯಾವ ನಿಘಂಟಿನಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ. ಅರ್ಧ ಉರ್ದು, ಅರ್ಧ ಕನ್ನಡ, ಜೊತೆಗೆ ಮರಾಠಿ, ತೆಲುಗು ಬೆರೆತ ಆ ಭಾಷೆಯನ್ನು ಬರೆದಿಡುವುದು ಕನ್ನಡದ ಕೆಲಸವೇ. ಒಬ್ಬೊಬ್ಬರು ಒಬ್ಬ ಹಿರಿಯರ ಬಳಿ ಕುಳಿತು ಒಂದು ಮಧ್ಯಾಹ್ನ ಕಳೆದರೆ ಸಾಕು, ಕೆಲಸ ಶುರುವಾಗುತ್ತದೆ.

ಬೆಂಗಳೂರಿನ ಬ್ರೂವರಿಯ ಚೂಪು ಮಾಡನ್ನು ನಾವು ಮತ್ತೆ ಕಾಣಲಾರೆವು. ಕಲಬುರಗಿಯ ಭೋಂಗಾದ ಕೂಗನ್ನು ಕೇಳಿದವರು ಮಾತ್ರ ಇನ್ನೂ ನಮ್ಮ ನಡುವೆ ಇದ್ದಾರೆ, ಅವರಿಗೆ ವಯಸ್ಸಾಗುತ್ತಿದೆ.